ಪಕ್ಕದ ಮೊಗ್ಗು

ಮೊಗ್ಗು ಅಂಗೈಗೆ ಬಿದ್ದಮೇಲೆಯೇ ಸೊಸೆಗೆ ಗೊತ್ತಾದದ್ದು, ತಾನು ಚಿವುಟಿದ್ದು ಪಕ್ಕದ್ದಲ್ಲ, ನಡುವಿನದು ಎಂದು.

ಡೇರೆ, ಅಂದರೆ ಡೇಲಿಯಾ, ಗಿಡದ ತುದಿಯಲ್ಲಿ ಮೊಗ್ಗುಗಳು ಮೂರು ಮೂರಾಗಿ ಬರುತ್ತವೆ. ಪಕ್ಕದ ಎರಡನ್ನು ಚಿವುಟಿದರೆ ಸತ್ವವೆಲ್ಲ ನಡುವಿನದಕ್ಕೆ ಸೇರಿ ಹೂವು ತಟ್ಟೆಯಗಲ ಅರಳುತ್ತದೆ. ಮೂವತ್ತು ವರ್ಷ ಅತ್ತೆಯೇ ಮಾಡಿಕೊಂಡು ಬಂದ ಕೆಲಸವದು. ಹೂವಿನ ಪ್ರದರ್ಶನಕ್ಕೆ ತಿಂಗಳಿರುವಾಗ ಅವರು ಜಾರಿ ಬಿದ್ದು ಬಲಗೈ ಮುರಿದುಕೊಂಡರು. ಕುರ್ಚಿಯಲ್ಲಿ ಕೂತು ಹೇಳುವುದು ಅವರ ಪಾಲಿಗೆ, ಮಾಡುವುದು ಸೊಸೆಯ ಪಾಲಿಗೆ ಬಂತು. ಹೊಲಿಗೆಯಲ್ಲಿ ಪಳಗಿದ ಕೈ, ಇದೇನು ಮಹಾ ಎಂದುಕೊಂಡೇ ಅವಳು ಅಂಗಳಕ್ಕೆ ಇಳಿದಿದ್ದಳು.

ಅದೂ ಎಂಥ ಗಿಡ! ಅತ್ತೆ ಬೀಜದಿಂದ ಎಬ್ಬಿಸಿ, ನಾಲ್ಕು ವರ್ಷ ಗೆಡ್ಡೆಯನ್ನು ಮರಳಲ್ಲಿ ಹೂತು ಕಾಪಾಡಿದ್ದು. ಅದರ ಹೂವಿನಂಥ ಬಣ್ಣ ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ಈ ಸಲವೇ ಅದನ್ನು ಮೊದಲು ಪ್ರದರ್ಶನಕ್ಕೆ ಒಯ್ಯುವುದಿತ್ತು.

ಮುಚ್ಚಿಡಬಹುದಿತ್ತು. ಅವಳು ಮುಚ್ಚಿಡಲಿಲ್ಲ. "ಅತ್ತೆ, ನಡುವಿಂದೇ ಕಿತ್ಬಿಟ್ಟೆ."

ಅತ್ತೆ ಎಡಗೈ ಚಾಚಿ ಮೊಗ್ಗನ್ನು ಈಸಿಕೊಂಡು ತಿರುಗಿಸಿ ನೋಡಿದರು. ಮುಖ ಬಾಡಿದ್ದು ಸೊಸೆಗೆ ಕಾಣದೆ ಇರಲಿಲ್ಲ. ಆದರೂ ಹೇಳಿದರು: "ಮೊದಲನೇ ವರ್ಷ ನಾನು ಕಳೆ ಅಂತ ಇಡೀ ಗಿಡಾನೇ ಕಿತ್ತಿದ್ದೆ. ನೀನೇ ವಾಸಿ. ಪಕ್ಕದ ಎರಡರಲ್ಲಿ ದಪ್ಪಗಿರೋದನ್ನ ಬಿಟ್ಟು ಇನ್ನೊಂದನ್ನ ಚಿವುಟು. ಹತ್ತು ದಿನ ತಡ ಆಗತ್ತೆ, ಅಷ್ಟೇ."

"ಮತ್ತೆ ನಾನೇನಾ?"

"ಇನ್ಯಾರು? ಇವತ್ತೇ ಮಾಡು. ನಾಳೆಗೆ ಬಿಟ್ರೆ ಹೆದರಿಕೆ ಬೇರು ಬಿಡತ್ತೆ."

ಪ್ರದರ್ಶನದ ದಿನಕ್ಕೆ ಹೂವು ಅರಳಿರಲಿಲ್ಲ; ಇಬ್ಬರೂ ಬರಿಗೈಯಲ್ಲಿ ಹೋದರು. ಮೊದಲ ಬಹುಮಾನ ಬೀಗದಂಗಡಿಯ ಯಜಮಾನರ ಹಳದಿ ಡೇರೆಗೆ ಬಂದಿತ್ತು. ಅತ್ತೆಗೆ ವರ್ಷ ವರ್ಷವೂ ಪೈಪೋಟಿ ಕೊಡುವವರು ಅವರು. ಸೊಸೆ ಅಲ್ಲಿ ನಿಲ್ಲಲಾರದೆ ಪಕ್ಕದ ಮೇಜಿನತ್ತ ಸರಿದಳು. ಅತ್ತೆಯೋ, ಕೈಗೆ ಕಟ್ಟು ಇದ್ದರೂ ಬಗ್ಗಿ ಆ ಹೂವಿನ ಹಿಂಭಾಗದ ಎಸಳನ್ನೂ ನೋಡಿದರು.

"ಒಂದು ಎಸಳಲ್ಲೂ ಚುಕ್ಕೆ ಇಲ್ಲ ನೋಡೇ," ಎಂದು ಸೊಸೆಯನ್ನು ಕರೆದರು. ಯಜಮಾನರ ಕಡೆ ತಿರುಗಿ, "ನಾನು ತಂದಿದ್ರೂ ಬಹುಮಾನ ಇದಕ್ಕೇ ಬರ್ಬೇಕಿತ್ತು. ಹತ್ತು ದಿನ ಬಿಟ್ಟು ಮನೆ ಕಡೆ ಬನ್ನಿ," ಎಂದರು. ಉಪಚಾರದ ಮಾತಲ್ಲ ಅದು. ಇಷ್ಟು ವರ್ಷ ಇದೇ ಮನೆಯಲ್ಲಿದ್ದೂ ಈಕೆಯನ್ನು ತಾನು ಸರಿಯಾಗಿ ನೋಡಿಯೇ ಇರಲಿಲ್ಲ ಎನಿಸಿತು ಸೊಸೆಗೆ.

ಹನ್ನೊಂದನೆಯ ದಿನ ಬೆಳಿಗ್ಗೆ ಯಜಮಾನರು ಬಂದರು. ಹೂವು ಅರಳಿ ನಿಂತಿತ್ತು. ಕಪ್ಪೆನ್ನುವಷ್ಟು ಕಡುಗೆಂಪು, ಪ್ರತಿ ಎಸಳಿನ ಅಂಚಿಗೂ ಬಿಳಿ ಗೆರೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಯಾರ ಕೈಗುಣ ಇದು?"

ಅತ್ತೆ ಗದ್ದದಿಂದಲೇ ಸೊಸೆಯನ್ನು ತೋರಿಸಿದರು.

"ನಡುವಿಂದು ಕಿತ್ತಿದ್ದೂ ಇದೇ ಕೈ," ಎಂದಳು ಸೊಸೆ.

ಮೂವರೂ ನಕ್ಕರು. ಅಷ್ಟರಲ್ಲಿ ಬೀದಿಯ ಕಡೆಯಿಂದ ಗಾಳಿ ಎದ್ದಿತು. ಭಾರದ ಹೂವು ತೊಟ್ಟಿನ ಮೇಲೆ ತೂಗತೊಡಗಿತು. ಯಜಮಾನರು ಗಿಡವನ್ನು ಸುತ್ತಿ ಬಂದು, ಗಾಳಿಗೆ ಬೆನ್ನು ಕೊಟ್ಟು, ಕೋಟಿನ ಎರಡು ಅಂಚುಗಳನ್ನೂ ಅಗಲಿಸಿ ಹಿಡಿದು ನಿಂತರು.