ಜೋಡಿಸದೆ ಉಳಿದ ಕಂಪ್ಯೂಟರ್

ಅಮ್ಮ ಆಸ್ಪತ್ರೆಯಲ್ಲಿದ್ದ ಐದು ತಿಂಗಳು ಅಕ್ಕತಂಗಿಯರಿಬ್ಬರೂ ದಿನಕ್ಕೆ ಮೂರು ಸಲ ಫೋನಿನಲ್ಲಿ ಮಾತಾಡುತ್ತಿದ್ದರು. ಜ್ವರ ಎಷ್ಟಿದೆ, ಏನಾದರೂ ತಿಂದಳಾ, ಡಾಕ್ಟರು ಬಂದುಹೋದರಾ, ಹೀಗೆ ಮಾತಿಗೆ ವಿಷಯ ತಾನಾಗಿ ಸಿಗುತ್ತಿತ್ತು. ಅಮ್ಮ ಹೋದ ಮೇಲೆ ಫೋನು ದಿನಕ್ಕೊಂದಾಯಿತು, ಆಮೇಲೆ ವಾರಕ್ಕೊಂದಾಯಿತು, ಕೊನೆಗೆ ‘ಹೇಗಿದ್ದೀಯಾ’, ‘ಹೂಂ, ಹೀಗೇ ಇದೀನಿ’ ಎಂಬಲ್ಲಿಗೆ ಬಂದು ನಿಂತಿತು. ಜಗಳವೇನೂ ಆಗಿರಲಿಲ್ಲ. ಹೇಳಿಕೊಳ್ಳಲು ಸುದ್ದಿ ಇರಲಿಲ್ಲ, ಅಷ್ಟೇ.

ಅಕ್ಕ ಒಂದು ದೊಡ್ಡ ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಹಿರಿಯ ಟೆಕ್ನಿಷಿಯನ್. ವಯಸ್ಸು ನಲವತ್ತಾರು. ಬೆಳಿಗ್ಗೆ ಕೈಗವಸು ಹಾಕಿಕೊಂಡರೆ ಸಂಜೆ ತೆಗೆಯುವಾಗ ಬೆರಳುಗಳು ನೀರಲ್ಲಿ ನೆನೆದ ಹಾಗೆ ಸುಕ್ಕುಗಟ್ಟಿರುತ್ತಿದ್ದವು. ಸಾವಿರ ಟ್ಯೂಬು, ಸಾವಿರ ಚೀಟಿ. ಜೊತೆಗೆ ಪರೀಕ್ಷೆ ಮಾಡುವ ಆ ದೊಡ್ಡ ಯಂತ್ರ. ದಿನಕ್ಕೆರಡು ಸಲ ಮುನಿಸಿಕೊಂಡು ಕೂಗುತ್ತಿತ್ತು. ಅದರ ಮುಚ್ಚಳ ತೆಗೆದು, ಹೊಟ್ಟೆಯೊಳಗೆ ಕೈಹಾಕಿ, ಸಿಕ್ಕಿಕೊಂಡಿದ್ದನ್ನು ಬಿಡಿಸಿ ಸಮಾಧಾನ ಮಾಡಲು ಬರುತ್ತಿದ್ದದ್ದು ಇವಳೊಬ್ಬಳಿಗೆ.

ತಂಗಿಗೆ ಮನೆಯಲ್ಲಿ ಇಟ್ಟ ಹೆಸರು ಗುಬ್ಬಿ. ಚಿಕ್ಕವಳಿದ್ದಾಗ ಅವಳ ಬಾಯಿ ಮುಚ್ಚಿದ್ದನ್ನು ಯಾರೂ ನೋಡಿರಲಿಲ್ಲ. ಈಗ ರೈಲಿನಲ್ಲಿ ಆರು ಗಂಟೆ ದೂರದ ಇನ್ನೊಂದು ಊರಿನಲ್ಲಿ ಒಬ್ಬಳೇ ಇದ್ದಳು. ಕೆಲಸವೂ ಬಾಯಿಯದ್ದೇ. ಲಿಫ್ಟ್ ಕಂಪನಿಯೊಂದರಲ್ಲಿ, ನಡುವೆ ನಿಂತುಹೋದ ಲಿಫ್ಟಿನೊಳಗಿಂದ ಕರೆ ಮಾಡುವವರ ಜೊತೆ, ಮೆಕ್ಯಾನಿಕ್ ಬಂದು ಬಾಗಿಲು ತೆಗೆಯುವವರೆಗೆ ಮಾತಾಡುತ್ತಿರುವುದು.

ಆಟದ ಮಾತು ತೆಗೆದವಳು ಗುಬ್ಬಿಯೇ. ಅವರವರ ಮನೆಯಲ್ಲೇ ಕೂತು ಇಬ್ಬರು ಸೇರಿ ಆಡುವ ಕಂಪ್ಯೂಟರ್ ಆಟವೊಂದಿದೆ, ಹಿಮ ತುಂಬಿದ ನಾಡಿನಲ್ಲಿ ಸೌದೆ ಆರಿಸಿಕೊಂಡು, ಗುಡಿಸಲು ಕಟ್ಟಿಕೊಂಡು, ಬೆಟ್ಟ ದಾಟಿಕೊಂಡು ಹೋಗುವುದು.

“ಭಾನುವಾರ ಭಾನುವಾರ ಆಡೋಣ ಅಕ್ಕ. ಚಿಕ್ಕವರಿದ್ದಾಗ ಮಂಚದ ಕೆಳಗೆ ಮನೆ ಕಟ್ತಿದ್ವಲ್ಲ, ಹಾಗೇ ಅಂದ್ಕೋ.”

“ನನ್ನ ಲ್ಯಾಪ್‌ಟಾಪಿನಲ್ಲಿ ಮೇಲ್ ತೆಗೆಯೋಕೇ ಅದು ಏದುಸಿರು ಬಿಡುತ್ತೆ.”

“ಅದಕ್ಕೇ ಹೇಳ್ತಿರೋದು, ಗೇಮಿಂಗ್ ಕಂಪ್ಯೂಟರೇ ತಗೋ.”

ಅಕ್ಕನಿಗೆ ಬೇಡವೆನ್ನಲು ಮನಸ್ಸು ಬರಲಿಲ್ಲ. ಲ್ಯಾಬಿನ ಗೆಳತಿಯೊಬ್ಬಳು ಹೇಳಿದ ರೆಡಿಮೇಡ್ ಪೆಟ್ಟಿಗೆಯೊಂದರ ಚಿತ್ರ ಕಳಿಸಿ, “ಇದನ್ನೇ ತಗೋತೀನಿ. ಪ್ಲಗ್ ಹಾಕಿದ್ರೆ ಆಯ್ತಂತೆ. ಎರಡು ವರ್ಷ ವಾರಂಟಿ ಬೇರೆ ಇದೆ” ಎಂದಳು.

ಗುಬ್ಬಿಗೆ ಮೈಮೇಲೆ ಬಂದ ಹಾಗಾಯಿತು. “ಅಯ್ಯೋ, ಇದನ್ನಾ? ಕಾಣೋ ಕಡೆ ಬಣ್ಣಬಣ್ಣದ ದೀಪ, ಕಾಣದ ಕಡೆ ಬರೀ ಕಳಪೆ. ಪವರ್ ಸಪ್ಲೈ ಯಾವುದು ಅಂತ ಹೆಸರೇ ಹಾಕಿಲ್ಲ ನೋಡು. ಮದರ್‌ಬೋರ್ಡ್ ಅವರದ್ದೇ ಅಳತೆ, ನಾಳೆ ಏನಾದ್ರೂ ಬದಲಾಯಿಸಬೇಕು ಅಂದ್ರೆ ಆಗಲ್ಲ. ಅದೇ ದುಡ್ಡಿಗೆ ಬಿಡಿ ಭಾಗ ತಂದು ಜೋಡಿಸಿದ್ರೆ ಇದರ ಎರಡರಷ್ಟು ಒಳ್ಳೇದು ಬರುತ್ತೆ. ನಂದು ನಾನೇ ಜೋಡಿಸಿದ್ದು ತಾನೇ?”

“ಗುಬ್ಬಿ, ದಿನವಿಡೀ ಯಂತ್ರದೊಳಗೆ ಕೈ ಹಾಕೋದೇ ನನ್ನ ಕೆಲಸ. ಮನೇಲೂ ಅದೇನಾ?”

“ನಾನಿರ್ತೀನಲ್ಲ ವಿಡಿಯೋದಲ್ಲಿ. ಒಂದೊಂದಾಗಿ ಹೇಳ್ತಾ ಹೋಗ್ತೀನಿ. ಪವರ್ ಸಪ್ಲೈ ಮಾತ್ರ ಕಮ್ಮಿದು ತಗೋಬಾರದು, ಅದು ಹೋದ್ರೆ ಎಲ್ಲವನ್ನೂ ಜೊತೆಗೆ ಕರ್ಕೊಂಡು ಹೋಗುತ್ತೆ.”

ವಾದ ಮಾಡುವುದಕ್ಕಿಂತ ಒಪ್ಪಿಕೊಳ್ಳುವುದೇ ಸುಲಭವೆನಿಸಿತು ಅಕ್ಕನಿಗೆ. ಗುಬ್ಬಿ ಬರೆದು ಕಳಿಸಿದ ಪಟ್ಟಿಯಂತೆ ಎಲ್ಲವನ್ನೂ ತರಿಸಿದಳು. ವಾರದೊಳಗೆ ಎಂಟು ಪೆಟ್ಟಿಗೆ ಬಂದವು. ಅಕ್ಕನ ಗಂಡ ಶಾಲೆಯೊಂದರಲ್ಲಿ ಆಟದ ಮೇಷ್ಟ್ರು, ಮಾತು ಕಡಿಮೆ. ಪೆಟ್ಟಿಗೆಗಳನ್ನು ನೋಡಿ, “ಕಂಪ್ಯೂಟರ್ ತರಿಸ್ತೀನಿ ಅಂದೆ, ಮನೆ ಖಾಲಿ ಮಾಡೋ ಹಾಗೆ ಕಾಣ್ತಿದೆ” ಎಂದಷ್ಟೇ ಹೇಳಿದ.

ಮೊದಲ ಭಾನುವಾರ ಊಟದ ಮೇಜಿನ ಮೇಲೆ ಕೆಲಸ ಶುರುವಾಯಿತು. ಸಕ್ಕರೆ ಡಬ್ಬಿಗೆ ಫೋನನ್ನು ಒರಗಿಸಿ ಅಕ್ಕ ಮದರ್‌ಬೋರ್ಡ್ ಪೆಟ್ಟಿಗೆಯಿಂದ ಹೊರತೆಗೆದಳು.

“ಪ್ರೊಸೆಸರಿನ ಮೂಲೇಲಿ ಪುಟ್ಟ ತ್ರಿಕೋನ ಇದೆಯಲ್ಲ, ಅದು ಎಡಗಡೆ ಬರ್ಲಿ. ನಿನ್ನ ಎಡಗಡೆ. ಅಲ್ಲ, ಬೋರ್ಡಿನ ಎಡಗಡೆ.”

“ಯಾವುದಾದರೂ ಒಂದು ಎಡಗಡೆ ಹೇಳೇ.”

ಗುಬ್ಬಿ ನಕ್ಕಳು. ಅಕ್ಕನಿಗೂ ನಗು ಬಂತು. ಎಷ್ಟು ದಿನಗಳ ಮೇಲೆ ಇಬ್ಬರೂ ಒಟ್ಟಿಗೆ ನಕ್ಕಿದ್ದರೋ. ಪ್ರೊಸೆಸರನ್ನು ಬೆರಳ ತುದಿಯಲ್ಲಿ ಹಿಡಿದು ಸಾಕೆಟ್ಟಿನ ಮೇಲೆ ಇಡುತ್ತಿದ್ದಾಗಲೇ ಫೋನಿನ ತೆರೆಯ ಮೇಲೆ ಲ್ಯಾಬಿನ ನಂಬರು ಮೂಡಿತು. ಬೆಚ್ಚಿದ ಕೈಯಿಂದ ಪ್ರೊಸೆಸರು ಜಾರಿ ಓರೆಯಾಗಿ ಬಿತ್ತು. ಅಕ್ಕ ಅದನ್ನು ಎತ್ತಿ ಸರಿಯಾಗಿ ಕೂರಿಸಿ, ಮೇಲಿನ ಕೊಕ್ಕೆ ಒತ್ತಿ, ಫೋನ್ ಎತ್ತಿಕೊಂಡಳು. ಯಂತ್ರ ನಿಂತುಹೋಗಿದೆ, ತುರ್ತು ವಿಭಾಗದ ಟ್ಯೂಬುಗಳು ಸಾಲುಗಟ್ಟಿವೆ, ಒಂದು ಗಳಿಗೆ ಬಂದುಹೋಗಿ ಎಂದರು. ಒಂದು ಗಳಿಗೆ ಎಂದದ್ದು ಸಂಜೆಯಾಯಿತು.

ಮುಂದಿನ ಭಾನುವಾರ ರಜೆ ಹಾಕಿದವರೊಬ್ಬರ ಪಾಳಿ ಇವಳ ತಲೆಗೆ ಬಂತು. ಅದರ ಮುಂದಿನ ಭಾನುವಾರ ಗುಬ್ಬಿ ಬೆಳಿಗ್ಗೆ ಒಂಬತ್ತಕ್ಕೇ ‘ರೆಡಿನಾ?’ ಎಂದು ಸಂದೇಶ ಕಳಿಸಿದಾಗ ಅಕ್ಕ ಹಾಸಿಗೆಯಲ್ಲಿ ಗೋಡೆ ನೋಡುತ್ತಾ ಮಲಗಿದ್ದಳು. ಸಂದೇಶ ಓದಿದಳು. ಎದ್ದು ಕೂರುವ ಯೋಚನೆಗೇ ಮೈ ಭಾರವಾಯಿತು. ‘ತಲೆನೋವು’ ಎಂದು ಬರೆದು ಫೋನನ್ನು ಬೋರಲು ಹಾಕಿದಳು. ಮೇಜಿನ ಮೇಲೆ ಬೋರ್ಡಿಗೆ ಹಳೆಯ ಬೆಡ್‌ಶೀಟ್ ಹೊದಿಸಿದ್ದರು. ಗಂಡಹೆಂಡಿರು ಮೇಜಿನ ಉಳಿದರ್ಧದಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಊಟ ಮಾಡುತ್ತಿದ್ದರು. ದಿನಾ ಕೆಲಸದಿಂದ ಬಂದು ಆ ಬೆಡ್‌ಶೀಟ್ ಕಂಡಾಗ ಅಕ್ಕನಿಗೆ ಮನೆಯಲ್ಲೂ ಯಾರೋ ಹಾಜರಿ ಪುಸ್ತಕ ಹಿಡಿದು ಕಾದು ಕೂತಂತೆನಿಸುತ್ತಿತ್ತು.

ನಾಲ್ಕನೆಯ ವಾರ, ಒಂದು ಶುಕ್ರವಾರ ಮಧ್ಯಾಹ್ನ ಬೇಗ ಬಿಡುವಾಯಿತು. ಎಲ್ಲವನ್ನೂ ಆಟೋದಲ್ಲಿ ಹಾಕಿಕೊಂಡು ಕಂಪ್ಯೂಟರ್ ಅಂಗಡಿಗೆ ಹೋದಳು. ಅಂಗಡಿಯವನು ಕನ್ನಡಕವನ್ನು ಹಣೆಗೇರಿಸಿದ್ದ ಐವತ್ತರ ಆಸುಪಾಸಿನ ಮನುಷ್ಯ. ಪೆಟ್ಟಿಗೆಗಳನ್ನು ಒಂದೊಂದಾಗಿ ನೋಡಿ, “ಆರಿಸಿದವರು ತಿಳಿದವರೇ ಮೇಡಂ. ಒಂದೂ ತೆಗೆದುಹಾಕೋ ಹಾಗಿಲ್ಲ” ಎಂದ. ಅಕ್ಕನಿಗೆ ಹೆಮ್ಮೆಯೂ ಆಯಿತು, ಕಸಿವಿಸಿಯೂ ಆಯಿತು. ಅವನು ಪ್ರೊಸೆಸರು ಎತ್ತಿ, ಕೆಳಗಿನ ಸಾಕೆಟ್ಟಿಗೆ ಟಾರ್ಚ್ ಬಿಟ್ಟು ನೋಡಿದ.

“ಇಲ್ಲಿ ನೋಡಿ. ಮೂರು ಪಿನ್ನು ಬಾಗಿವೆ. ಒಂದು ಮುರಿದೇ ಹೋಗಿದೆ.”

ಕೂದಲಿಗಿಂತ ಸಣ್ಣ ಪಿನ್ನುಗಳ ಸಾಲಿನಲ್ಲಿ ಒಂದು ಜಾಗ ಬಾಚದ ತಲೆಯ ಹಾಗೆ ಕೆದರಿತ್ತು. ಆ ಭಾನುವಾರ ಪ್ರೊಸೆಸರು ಜಾರಿದ್ದು ಅಕ್ಕನಿಗೆ ನೆನಪಾಯಿತು. ಲ್ಯಾಬಿನ ಇಪ್ಪತ್ತೆರಡು ವರ್ಷದಲ್ಲಿ ಒಂದು ಟ್ಯೂಬನ್ನೂ ಕೈಜಾರಿಸದವಳು ಅವಳು.

“ಸರಿ ಮಾಡೋಕೆ ಆಗಲ್ವಾ?”

“ಬೋರ್ಡೇ ಬೇರೆ ತರಿಸಬೇಕು. ಹತ್ತು ದಿನ ಹಿಡಿಯುತ್ತೆ. ಬಂದ್ಮೇಲೆ ನಾನೇ ಜೋಡಿಸಿ ಕೊಡ್ತೀನಿ. ಇಲ್ಲಾಂದ್ರೆ ಉಳಿದಿದ್ದನ್ನ ನಾನು ತಗೊಂಡು, ಅಲ್ಲಿರೋ ರೆಡಿಮೇಡ್ ಕೊಡ್ತೀನಿ. ಇವತ್ತೇ ಮನೆಗೆ ತಗೊಂಡು ಹೋಗಬಹುದು.”

“ರೆಡಿಮೇಡ್ ಅಂದ್ರೆ ಒಳಗಡೆ ಎಲ್ಲಾ ಕಳಪೆ ಅಂತಾರಲ್ಲ?”

ಅವನು ಕನ್ನಡಕ ಇಳಿಸಿಕೊಂಡು ಅವಳನ್ನು ನೋಡಿದ. “ಕೆಲವು ಹಾಗೇ ಇರ್ತವೆ. ಇದು ಅಷ್ಟೊಂದು ಮೋಸ ಇಲ್ಲ. ಫ್ಯಾನು ಸ್ವಲ್ಪ ಸದ್ದು ಮಾಡುತ್ತೆ. ನಿಮಗೆ ನಿಜ ಹೇಳ್ಲಾ? ನಮ್ಮ ಮನೇಲಿರೋದೂ ರೆಡಿಮೇಡೇ. ದಿನವೆಲ್ಲಾ ಇಲ್ಲಿ ಸ್ಕ್ರೂ ತಿರುಗಿಸಿ, ಮನೆಗೆ ಹೋಗಿ ಮತ್ತೆ ಸ್ಕ್ರೂ ಹಿಡಿಯೋಕೆ ಯಾರಿಗೆ ಬೇಕು?”

ಅಕ್ಕ ಅಲ್ಲಿದ್ದ ಸ್ಟೂಲಿನ ಮೇಲೆ ಕೂತಳು. ಇಷ್ಟು ದಿನ ತಾನು ಹೇಳಲಾಗದೆ ಇಟ್ಟುಕೊಂಡಿದ್ದ ಮಾತನ್ನು ಗುರುತು ಪರಿಚಯವಿಲ್ಲದ ಮನುಷ್ಯನೊಬ್ಬ ಸರಾಗವಾಗಿ ಹೇಳಿಬಿಟ್ಟಿದ್ದ. “ರೆಡಿಮೇಡೇ ಕೊಡಿ” ಎಂದಳು.

ಶನಿವಾರ ಅದರ ಫೋಟೋ ತೆಗೆದು ‘ಆಯ್ತು’ ಎಂದಷ್ಟೇ ಬರೆದು ಗುಬ್ಬಿಗೆ ಕಳಿಸಿದಳು. ಗುಬ್ಬಿ ಕೂಡಲೇ ಫೋನ್ ಮಾಡಿದಳು. ದನಿ ಎಂದಿನಂತಿರಲಿಲ್ಲ.

“ಯಾವಾಗ ಜೋಡಿಸಿದೆ?”

“ನಿನ್ನೆ.”

“ನಾನಿಲ್ದೇನೇ?”

ಬೈಗುಳ ಬರುತ್ತದೆಂದು ಕಾದಿದ್ದ ಅಕ್ಕ ಈ ಮಾತಿಗೆ ತಬ್ಬಿಬ್ಬಾದಳು. ಸುಳ್ಳನ್ನು ಇನ್ನೊಂದು ಹೆಜ್ಜೆ ನಡೆಸಲೂ ಅವಳಲ್ಲಿ ತ್ರಾಣವಿರಲಿಲ್ಲ.

“ಜೋಡಿಸಿಲ್ಲ ಗುಬ್ಬಿ. ರೆಡಿಮೇಡ್ ತಗೊಂಡೆ. ಪಿನ್ನು ಮುರಿದಿತ್ತು, ನನ್ನ ಕೈಯಿಂದಲೇ. ಮುರೀದಿದ್ರೂ ಬಹುಶಃ ಇದನ್ನೇ ತಗೋತಿದ್ದೆ.”

“ಕಷ್ಟ ಆಗ್ತಿದೆ ಅಂತ ಒಂದು ಮಾತು ಹೇಳಬಹುದಿತ್ತಲ್ಲ.”

“ಹೇಳಿದ್ದೆ. ಮೊದಲನೇ ದಿನವೇ ಹೇಳಿದ್ದೆ. ನೀನು ಪವರ್ ಸಪ್ಲೈ ವಿಷಯ ಮಾತಾಡಿದೆ.”

ಅಕ್ಕ ನಿಲ್ಲಿಸಲಿಲ್ಲ. “ಭಾನುವಾರ ಬಂದ್ರೆ ಸಾಕು, ರೆಡಿನಾ, ರೆಡಿನಾ ಅಂತೀಯ. ನಾನೇನು ಲಿಫ್ಟಲ್ಲಿ ಸಿಕ್ಕಿಕೊಂಡಿದೀನಾ, ಬಿಡದೆ ಮಾತಾಡಿಸ್ತಾ ಇರೋಕೆ? ಸುಸ್ತಾಗಿದೀನಿ ಕಣೇ. ಅಮ್ಮ ಹೋದಾಗಿಂದ ಮಲಗಿ ಎದ್ದ ಮೇಲೂ ಸುಸ್ತು. ಯಾರಿಗಾದ್ರೂ ಹೇಳಿದ್ರೆ ಅದಕ್ಕೂ ಏನೋ ಒಂದು ದಾರಿ ತೋರಿಸ್ತಾರೆ. ದಾರಿ ಬೇಡ ನನಗೆ.”

ಗುಬ್ಬಿ ಮೆಲ್ಲಗೆ ಹೇಳಿದಳು: “ರೆಡಿಮೇಡ್ ತಗೊಂಡ್ರೆ ಒಂದೇ ದಿನಕ್ಕೆ ಮುಗಿದುಹೋಗುತ್ತಲ್ಲ ಅಕ್ಕ. ಆಟ ನಿನಗೆ ಹಿಡಿಸುತ್ತೋ ಇಲ್ವೋ, ಎರಡು ಸಲ ಆಡಿ ಬಿಟ್ಟುಬಿಡ್ತೀಯೇನೋ. ಜೋಡಿಸೋದಾದ್ರೆ ಒಂದು ತಿಂಗಳಾದ್ರೂ ಹಿಡಿಯುತ್ತೆ. ಅಲ್ಲಿವರೆಗೆ ಫೋನ್ ಮಾಡೋಕೆ ನನಗೊಂದು ಕಾರಣ ಇರುತ್ತೆ ಅಂದ್ಕೊಂಡೆ.”

“ಕಾರಣ ಯಾಕೆ ಬೇಕು” ಎಂದಳು ಅಕ್ಕ. ಹೇಳಿದ ಮೇಲೆ, ತನಗೂ ಇಷ್ಟು ದಿನ ಕಾರಣ ಬೇಕಾಗಿತ್ತೆಂಬುದು ಹೊಳೆಯಿತು. ಇಬ್ಬರೂ ಫೋನ್ ಇಡಲಿಲ್ಲ. ಆಮೇಲೆ ಗುಬ್ಬಿ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

“ಫ್ಯಾನ್ ತುಂಬಾ ಸದ್ದು ಮಾಡುತ್ತಾ?”

“ಮಿಕ್ಸಿ ಹಾಕಿದ ಹಾಗಿದೆ.”

“ನಾನು ಹೇಳಿರಲಿಲ್ವಾ” ಎಂದು ಶುರುಮಾಡಿದವಳು ಅಲ್ಲಿಗೇ ನಿಲ್ಲಿಸಿದಳು. “ಇರ್ಲಿ ಬಿಡು. ನಾಳೆ ಆಟಕ್ಕೆ ಬಾ. ಆಗದಿದ್ರೆ ಬೇಡ.”

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಕ್ಕ ಹೆಡ್‌ಫೋನ್ ಹಾಕಿಕೊಂಡು ಕೂತಳು. ತೆರೆಯ ಮೇಲೆ ಹಿಮ ಸುರಿಯುತ್ತಿತ್ತು. ದಪ್ಪ ಕೋಟು ತೊಟ್ಟ ಎರಡು ಪುಟ್ಟ ಬೊಂಬೆಗಳು ಮರಗಳ ನಡುವೆ ನಿಂತಿದ್ದವು. ನೀಲಿ ಕೋಟಿನದು ತಾನು ಎಂದು ತಿಳಿಯಲು ಅಕ್ಕನಿಗೆ ಐದು ನಿಮಿಷ ಹಿಡಿಯಿತು. ಅಲ್ಲಿಯವರೆಗೆ ಹೊಂಡದಲ್ಲಿ ಮೂರು ಸಲ ಬಿದ್ದಳು. ಗುಬ್ಬಿ ನಗುತ್ತಾ ಬಂದು ಎತ್ತಿದಳು. ಸೌದೆ ಆರಿಸಿದರು. ಬೆಂಕಿ ಹಾಕಿದರು. “ಇಲ್ಲೇ ಕೂತಿರು, ಗುಡಿಸಲಿಗೆ ಕಂಬ ಕಡ್ಕೊಂಡು ಬರ್ತೀನಿ” ಎಂದು ಗುಬ್ಬಿ ಹೋದಳು. ಬೆಂಕಿ ಚಟಪಟ ಅನ್ನುತ್ತಿತ್ತು. ಅಕ್ಕ ಕುರ್ಚಿಗೆ ಒರಗಿಕೊಂಡಳು.

ಕಣ್ಣು ಬಿಟ್ಟಾಗ ಕೋಣೆಯ ಬಿಸಿಲು ಕಿಟಕಿಯಿಂದ ಗೋಡೆಗೆ ಸರಿದಿತ್ತು. ಕತ್ತು ಹಿಡಿದುಕೊಂಡಿತ್ತು. ತೆರೆಯ ಮೇಲೆ ನೀಲಿ ಕೋಟಿನ ಬೊಂಬೆ ಬೆಂಕಿಯ ಮುಂದೆ ಹಾಗೇ ಕೂತಿತ್ತು. ಅದರ ಸುತ್ತ ನಾಲ್ಕೂ ಕಡೆ ಗೋಡೆ ಎದ್ದಿತ್ತು, ಮೇಲೆ ಮಾಡು ಬಂದಿತ್ತು. ಬಾಗಿಲಲ್ಲಿ ಗುಬ್ಬಿಯ ಬೊಂಬೆ ಕೊಡಲಿ ಹಿಡಿದು ಹೊರಗೆ ನೋಡುತ್ತಾ ನಿಂತಿತ್ತು.

“ಎಷ್ಟು ಹೊತ್ತು ಮಲಗಿದ್ದೆನೇ?”

“ಎರಡು ಗಂಟೆ ಆಗಿರಬೇಕು” ಎಂದಳು ಗುಬ್ಬಿ. “ಎರಡು ಸಲ ತೋಳ ಬಂದಿತ್ತು.”

“ಎಬ್ಬಿಸಬಾರದಿತ್ತಾ?”

“ಯಾಕೆ ಎಬ್ಬಿಸ್ಲಿ? ಗೊರಕೆ ಹೊಡೀತಿದ್ದೆ. ಅಮ್ಮನ ಥರಾನೇ.”

ಅಕ್ಕ ಹೆಡ್‌ಫೋನನ್ನು ಸರಿಮಾಡಿಕೊಂಡಳು. ಮೈಯ ಭಾರ ಇನ್ನೂ ಇಳಿದಿರಲಿಲ್ಲ. ನಾಳೆ ಬೆಳಿಗ್ಗೆ ಏಳಕ್ಕೆ ಲ್ಯಾಬಿನಲ್ಲಿರಬೇಕಿತ್ತು.

“ಮುಂದಿನ ಭಾನುವಾರ ನನಗೆ ಡ್ಯೂಟಿ” ಎಂದಳು.

“ಸರಿ.”

“ಬುಧವಾರ ಸಂಜೆ ಫೋನ್ ಮಾಡ್ತೀನಿ. ವಿಷಯ ಏನೂ ಇರಲ್ಲ.”

“ಮಾಡು” ಎಂದಳು ಗುಬ್ಬಿ.