ಕಂಬಳಿ ಮರೆಯ ಜನರೇಟರ್

ಯತ್ತಪ್ಪನ ಮನೆಗೆ ಚಕ್ರಗಳಿದ್ದವು. ಹಳೆಯ ಮೆಟಡೋರ್ ವ್ಯಾನೊಂದನ್ನು ಚಳ್ಳಕೆರೆಯಲ್ಲಿ ಬಾಡಿ ಕಟ್ಟುವವರಿಂದ ಉದ್ದ ಮಾಡಿಸಿ, ಒಳಗೆ ಎರಡು ಹಲಗೆ ಮಂಚ, ಒಂದು ಸ್ಟೌ, ಒಂದು ಸಣ್ಣ ಟಿವಿ ಇಟ್ಟುಕೊಂಡಿದ್ದ. ಉಳಿದ ಜಾಗದಲ್ಲೆಲ್ಲ ಕಂಬಳಿ. ಸಂತೆಯಿಂದ ಸಂತೆಗೆ ಹೋಗಿ ಕಂಬಳಿ ಮಾರುವುದು, ಆ ವ್ಯಾನಿನಲ್ಲೇ ಉಂಡು ಮಲಗುವುದು. ಮನೆಯಲ್ಲಿ ಮೂರೇ ಜನ: ಯತ್ತಪ್ಪ, ಅವನ ಹೆಂಡತಿ ಜಯಕ್ಕ, ಅವನ ತಾಯಿ ಸೂರಮ್ಮ. ಸೂರಮ್ಮ ಜಯಕ್ಕನಿಗೆ ಬರೀ ಗಂಡನ ತಾಯಿಯಲ್ಲ, ಅಪ್ಪನ ಒಡಹುಟ್ಟಿದ ಅಕ್ಕ. ತಾಯಿಯಿಲ್ಲದ ಜಯಕ್ಕನನ್ನು ಐದು ವರ್ಷದವಳಿದ್ದಾಗಿನಿಂದ ಎತ್ತಿ ಆಡಿಸಿ ಬೆಳೆಸಿದವಳು ಅವಳೇ.

ಕಂಬಳಿ ಮಾರುವವರಿಗೆ ಕಂಬಳಿಯ ಮೇಲೆ ನಂಬಿಕೆ ಇರುವುದು ಸಹಜ. ಇವರ ನಂಬಿಕೆ ಮಾತ್ರ ಸ್ವಲ್ಪ ಅತಿಯಾಗಿತ್ತು. ಮಳೆ ಬಂದರೆ ಕಂಬಳಿ, ಬಿಸಿಲು ಬಂದರೆ ಕಂಬಳಿ, ಜ್ವರ ಬಂದರೆ ಎರಡು ಕಂಬಳಿ. ವ್ಯಾನಿನ ಕಿಟಕಿಗೂ ಅದೇ ಪರದೆ. ದೀಪ, ಫ್ಯಾನು, ಟಿವಿಗೆಂದು ಒಂದು ದೊಡ್ಡ ಲಾರಿ ಬ್ಯಾಟರಿ ಇತ್ತು. ಅದನ್ನು ಚಾರ್ಜ್ ಮಾಡಲು ಸೀಮೆಎಣ್ಣೆಯಲ್ಲಿ ಓಡುವ ಸಣ್ಣ ಜನರೇಟರ್. ಜನರೇಟರನ್ನು ಹೊರಗಿಟ್ಟರೆ ಕಳ್ಳರ ಭಯ, ಮಳೆಯ ಭಯ. ಸದ್ದಿಗೆ ಅಕ್ಕಪಕ್ಕದ ಅಂಗಡಿಯವರ ಬೈಗುಳ ಬೇರೆ. ಯತ್ತಪ್ಪ ಅದನ್ನು ವ್ಯಾನಿನ ಹಿಂಬಾಗಿಲ ಹತ್ತಿರ ಫುಟ್‌ಬೋರ್ಡಿನ ಮೇಲೆ ಇಟ್ಟು, ಮೇಲೆ ಮತ್ತು ಮೂರು ಬದಿಗೆ ಹಳೆಯ ಕಂಬಳಿ ಕಟ್ಟಿದ. ನಾಲ್ಕನೆಯ ಬದಿಗೆ ವ್ಯಾನಿನ ಬಾಗಿಲೇ ಇತ್ತು. ಸದ್ದು ಅಡಗಿತು ಎಂದು ಅವನು ಬೀಗಿದ.

ಹೀಗೆ ಕಂಬಳಿ ಕಟ್ಟಿದ್ದು ೨೦೦೧ರ ಕಾರ್ತಿಕದಲ್ಲಿ. ಅಲ್ಲಿಂದೀಚೆಗೆ ಸೂರಮ್ಮನಿಗೆ ಆಗಾಗ ತಲೆನೋವು ಶುರುವಾಯಿತು.

"ಜಯಾ, ಹೊಟ್ಟೆ ತೊಳಸ್ತೈತೆ ಕಣೇ. ತಲೆ ಎತ್ತಾಕಾಗಲ್ಲ," ಎನ್ನುತ್ತಿದ್ದಳು.

"ಶೀತ ಅತ್ತೆ. ಬೆಚ್ಚಗೆ ಮಲಕ್ಕೋ," ಎಂದು ಜಯಕ್ಕ ಇನ್ನೊಂದು ಕಂಬಳಿ ಹೊದಿಸುತ್ತಿದ್ದಳು. ಜನರೇಟರ್ ಓಡುವ ದಿನವೇ ತಲೆ ನೋಯುತ್ತದೆ ಎಂಬುದು ಯಾರ ಗಮನಕ್ಕೂ ಬರಲಿಲ್ಲ.

ಚಳ್ಳಕೆರೆಯಲ್ಲಿ ದೊಡ್ಡಪಾಲಯ್ಯನದು ಬ್ಯಾಟರಿ ಅಂಗಡಿ. ಯತ್ತಪ್ಪ ಅಲ್ಲಿಗೆ ವ್ಯಾನು ತಂದು ನಿಲ್ಲಿಸಿದ್ದು ಆ ತಿಂಗಳಲ್ಲಿ ಮೂರನೆಯ ಸಲ.

"ಲೇ ಯತ್ತಪ್ಪ, ಬ್ಯಾಟರಿ ಮತ್ತೆ ಸತ್ತೈತೆ. ಏನ್ ಮಾಡ್ತೀಯೋ ಇದನ್ನ?"

"ಏನಿಲ್ಲಣ್ಣ. ಮಧ್ಯಾಹ್ನ ಎಲ್ಲ ಜನರೇಟರ್ ಓಡಿಸ್ತೀನಿ. ಆದ್ರೂ ಚಾರ್ಜ್ ಏರಲ್ಲ."

"ಆವಾಗ ಟಿವಿ, ಫ್ಯಾನು ಹಾಕಿರ್ತೀಯಾ?"

"ಹಾಕಿರ್ತೀವಿ. ಹೆಂಗೂ ಕರೆಂಟ್ ಬರ್ತಿರ್ತೈತಲ್ಲ."

"ತೊಟ್ಟಿಗೆ ನೀರು ಬಿಟ್ಟು ಕೆಳಗಿನ ನಲ್ಲಿನೂ ತಿರುಗಿಸಿ ಕೂತ್ರೆ ತೊಟ್ಟಿ ಯಾವಾಗ ತುಂಬಬೇಕು? ಚಾರ್ಜ್ ಆಗೋವಾಗ ಬೇರೆ ಎಲ್ಲ ಬಂದ್ ಮಾಡು. ಬ್ಯಾಟರಿನ ಪೂರ್ತಿ ಖಾಲಿ ಮಾಡ್ಬೇಡ, ಅರ್ಧ ಇಳಿಯೋದ್ರಾಗೆ ಚಾರ್ಜಿಗೆ ಹಾಕು." ಪಾಲಯ್ಯ ಬಗ್ಗಿ ನೋಡಿದ. "ಇದೇನು ಈ ವೈರು?"

"ಇಂಜಿನ್ ಬ್ಯಾಟರಿಗೂ ಸೇರ್ಸಿದೀನಿ. ಎರಡೂ ಸೇರಿದ್ರೆ ಟಿವಿ ಜಾಸ್ತಿ ಹೊತ್ತು ಬರ್ತೈತೆ."

"ಎರಡೂ ಒಟ್ಟಿಗೆ ಖಾಲಿನೂ ಆಗ್ತವೆ. ಅವತ್ತು ಗಾಡಿ ಸ್ಟಾರ್ಟ್ ಆಗಲ್ಲ. ನಡುವೆ ಒಂದು ಸ್ವಿಚ್ ಹಾಕಿಕೊಡ್ತೀನಿ. ಗಾಡಿ ಓಡೋವಾಗ ಆನ್ ಮಾಡು, ಇಂಜಿನ್ನಿನ ಡೈನಮೋ ಎರಡನ್ನೂ ಚಾರ್ಜ್ ಮಾಡ್ತೈತೆ. ಗಾಡಿ ನಿಲ್ಸಿದ ಕೂಡ್ಲೇ ಆಫ್ ಮಾಡು. ಆಮೇಲೆ ಜನರೇಟರನ್ನ ಮಧ್ಯಾಹ್ನ ಪೂರ್ತಿ ಓಡಿಸೋ ಕೆಲ್ಸ ಇರಲ್ಲ."

ಹೀಗೆ ಹೇಳುತ್ತಾ ಹಿಂಬದಿಗೆ ಬಂದ ಪಾಲಯ್ಯ ಆ ಕಂಬಳಿಯ ಗೂಡು ನೋಡಿ ನಿಂತುಬಿಟ್ಟ.

"ಇದರ ಹೊಗೆ ಎಲ್ಲಿಗೆ ಹೋಗ್ತೈತೆ ಯತ್ತಪ್ಪ?"

"ಹೊಗೆ ಅಷ್ಟೊಂದು ಬರಲ್ಲಣ್ಣ. ಕಣ್ಣಿಗೇ ಕಾಣಲ್ಲ."

"ಕಾಣದೇ ಇರೋದೇ ಕೊಲ್ಲೋದು ಕಣಪ್ಪ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮೊದ್ಲು ತಲೆನೋವು, ಆಮೇಲೆ ವಾಕರಿಕೆ, ಆಮೇಲೆ ನಿದ್ದೆ. ಬಾಗಿಲ ಸಂದಿಯಿಂದ ಒಳಗೆ ನುಗ್ಗಿದ್ರೆ ಮಲಗಿದೋರು ಏಳಲ್ಲ."

ವ್ಯಾನಿನ ಬಾಗಿಲಲ್ಲಿ ಕೂತು ಕೇಳುತ್ತಿದ್ದ ಜಯಕ್ಕ ಕೆಳಗಿಳಿದು ಬಂದಳು. "ಪಾಲಯ್ಯಣ್ಣ, ನಮ್ಮತ್ತೆಗೆ..." ಎಂದು ಬಾಯಿ ತೆಗೆದಳು.

"ಅವ್ವಗೆ ಶೀತ," ಎಂದು ಯತ್ತಪ್ಪ ಅಡ್ಡ ಮಾತಾಡಿದ. "ಮೂರು ವರ್ಷದಿಂದ ಜನರೇಟರ್ ಓಡ್ಸಿದೀನಿ, ಯಾರಿಗೇನಾಗೈತೆ? ಕೊಂಡ್ಲಹಳ್ಳಿ ಸಂತೆ ಮುಗಿಸ್ಕೊಂಡು ಬರ್ತೀನಣ್ಣ, ಆವಾಗ ಸ್ವಿಚ್ ಹಾಕುವಂತೆ."

ಜಯಕ್ಕ ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು. ಅಂಗಡಿಯ ಮುಂದೆ ಗಂಡನಿಗೆ ಎದುರಾಡಬಾರದು ಎಂದು ಸುಮ್ಮನಾದಳು. ಆ ಮೌನಕ್ಕಾಗಿ ಅವಳು ಇವತ್ತಿಗೂ ತನ್ನನ್ನು ಕ್ಷಮಿಸಿಕೊಂಡಿಲ್ಲ.

ಕೊಂಡ್ಲಹಳ್ಳಿಯಲ್ಲಿ ಸಂತೆಯ ದಿನ ಬೆಳಗಿನಿಂದಲೇ ಮೋಡ ಮುಸುಕಿ ಜಡಿಮಳೆ ಹಿಡಿದಿತ್ತು. ಮುಂಚಿನ ಎರಡು ದಿನ ಟಿವಿ ನೋಡಿ ಬ್ಯಾಟರಿ ಬರಿದಾಗಿತ್ತು. ಊಟ ಮುಗಿಸಿ ಯತ್ತಪ್ಪ ಜನರೇಟರ್ ಚಾಲೂ ಮಾಡಿ, ಎಂದಿನಂತೆ ಟಿವಿಯನ್ನೂ ಹಾಕಿದ. ಮಳೆ ಬಡಿಯುತ್ತದೆಂದು ಅದರ ಮೇಲೆ ಇನ್ನೊಂದು ಕಂಬಳಿ ಎಳೆದ.

"ಜಯಾ, ನಾನೂ ನಿಮ್ಮ ಜೊತೆ ಅಂಗಡಿ ಹತ್ರ ಬರ್ತೀನಿ. ಒಳಗೆ ಕೂತ್ರೆ ತಲೆ ಸಿಡೀತೈತೆ," ಎಂದಳು ಸೂರಮ್ಮ.

"ಈ ಥಂಡಿಯಾಗೆ ಎಲ್ಲಿಗೆ ಬರ್ತೀಯ ಅತ್ತೆ? ಸುಮ್ನೆ ಮಲಕ್ಕೋ."

ಜಯಕ್ಕ ಅವಳನ್ನು ಮಂಚದ ಮೇಲೆ ಮಲಗಿಸಿದಳು. ಇದ್ದುದರಲ್ಲೇ ಮೆತ್ತನೆಯ ಕಂಬಳಿ ಆರಿಸಿ ಹೊದಿಸಿದಳು. ಕಿಟಕಿಯ ಪರದೆ ಎಳೆದು, ಗಾಳಿ ಬರದಂತೆ ಮುಂಬಾಗಿಲು ಮುಚ್ಚಿ ಹೋದಳು. ಪ್ರೀತಿಯಿಂದಲೇ ಮಾಡಿದಳು, ಅದೇ ಸಂಕಟ.

ಒಂದೂವರೆ ಗಂಟೆ ಕಳೆದ ಮೇಲೆ ಗಿರಾಕಿಗೆ ಇನ್ನೆರಡು ಕಂಬಳಿ ಬೇಕೆಂದು ಅವಳೇ ಬಂದು ಬಾಗಿಲು ತೆಗೆದಳು. ಸೂರಮ್ಮ ಮಲಗಿದ್ದಳು. ಮುಖ ಕೆಂಪಗಿತ್ತು. ಬೆಚ್ಚಗಾಗಿದೆ, ಪಾಪ, ಒಳ್ಳೆ ನಿದ್ದೆ ಹತ್ತಿದೆ ಎಂದುಕೊಂಡು ಜಯಕ್ಕ ಸದ್ದಾಗದಂತೆ ಬಾಗಿಲು ಮುಚ್ಚಿ ಹೋದಳು.

ನಾಲ್ಕು ಗಂಟೆಗೆ ಟೀ ಹಿಡಿದುಕೊಂಡು ಬಂದು ಎಬ್ಬಿಸಿದರೆ ಸೂರಮ್ಮ ಏಳಲಿಲ್ಲ. ಅಲುಗಾಡಿಸಿದಳು. ಕೈ ಜೋತುಬಿತ್ತು. ಉಸಿರು ಎಲ್ಲೋ ಒಂದೊಂದು ಆಡುತ್ತಿತ್ತು. ಜಯಕ್ಕನಿಗೂ ತಲೆ ಗಿರ್ರೆಂದಿತು. ಅತ್ತೆಯ ಎರಡೂ ತೋಳು ಹಿಡಿದು ಮಳೆಗೆ ಎಳೆದುಕೊಂಡು ಬಂದು, ಸಂತೆಯೆಲ್ಲ ತಿರುಗಿ ನೋಡುವಂತೆ ಗಂಡನನ್ನು ಕೂಗಿದಳು.

ಯತ್ತಪ್ಪ ಓಡಿ ಬಂದು ಜನರೇಟರ್ ಆರಿಸಿದ. ಬಾಗಿಲುಗಳನ್ನೆಲ್ಲ ತೆಗೆದು ತಾಯಿಯನ್ನು ವ್ಯಾನಿಗೆ ಹತ್ತಿಸಿ ಕೀಲಿ ತಿರುಗಿಸಿದ. ಟಕ್ ಎಂದಿತು, ಅಷ್ಟೆ. ಮತ್ತೆ ತಿರುಗಿಸಿದ. ಇಂಜಿನ್ನಿನ ಬ್ಯಾಟರಿಯೂ ಮನೆಯ ಬ್ಯಾಟರಿಯ ಜೊತೆಯಲ್ಲೇ ಬರಿದಾಗಿತ್ತು. ಮಧ್ಯಾಹ್ನವೆಲ್ಲ ಓಡಿದ ಜನರೇಟರಿನ ಕರೆಂಟು, ಒಳಗೆ ಯಾರೂ ನೋಡದೆ ಉರಿಯುತ್ತಿದ್ದ ಟಿವಿಗೇ ಹೋಗಿತ್ತು. ಸಂತೆಯ ಜನ ಹತ್ತಾರು ಮಂದಿ ಕೂಡಿ ಕೆಸರಿನಲ್ಲಿ ವ್ಯಾನು ತಳ್ಳಿದರು. ಚಕ್ರ ಹೂತುಹೋಯಿತು. ಕಲ್ಲು ಹಾಕಿ, ಮತ್ತೆ ತಳ್ಳಿ, ಇಂಜಿನ್ ಹಿಡಿಯುವ ಹೊತ್ತಿಗೆ ಅರ್ಧ ಗಂಟೆ ಮೀರಿತ್ತು.

ಮೊಳಕಾಲ್ಮೂರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸೂರಮ್ಮನ ಕಣ್ಣು ಬಿಡಿಸಿ ನೋಡಿದರು, ಎದೆಗೆ ಕೊಳವೆ ಇಟ್ಟು ಕೇಳಿದರು. ಆಮೇಲೆ ಮೆಲ್ಲಗೆ ಸೆರಗು ಸರಿ ಮಾಡಿದರು.

"ದಾರಿಯಲ್ಲೇ ಹೋಗಿದ್ದಾರೆ ಕಣಮ್ಮ. ಹೊಗೆಯಲ್ಲಿರೋ ವಿಷಗಾಳಿ, ಕಾರ್ಬನ್ ಮಾನಾಕ್ಸೈಡ್ ಅಂತಾರೆ. ರಕ್ತಕ್ಕೆ ಸೇರಿಬಿಟ್ರೆ ಮುಖ ಕೆಂಪಾಗುತ್ತೆ. ನೋಡಿದವರಿಗೆ ಆರೋಗ್ಯವಾಗಿದ್ದಾರೆ ಅನ್ಸುತ್ತೆ."

ಜಯಕ್ಕ ಅಳಲಿಲ್ಲ. ಸದ್ದು ಮಾಡದೆ ಮುಚ್ಚಿ ಬಂದ ಆ ಬಾಗಿಲೇ ಕಣ್ಣ ಮುಂದೆ ನಿಂತಿತ್ತು.

ದಿನ ಕರ್ಮ ಎಲ್ಲ ಮುಗಿದ ಮೇಲೆ ಇಬ್ಬರೂ ಪಾಲಯ್ಯನ ಅಂಗಡಿಗೆ ಹೋದರು. ಯತ್ತಪ್ಪ ತಲೆ ಎತ್ತಲಿಲ್ಲ. "ಆ ಸ್ವಿಚ್ ಹಾಕ್ಕೊಡಣ್ಣ," ಎಂದ. ಪಾಲಯ್ಯ ಕೆಲಸಕ್ಕೆ ಕೂತ. ಮುಗಿದ ಮೇಲೆ ಜಯಕ್ಕನೇ ಕೇಳಿದಳು, ಈ ಸಲ ಗಂಡನ ಮುಖ ನೋಡದೆ:

"ಜನರೇಟರ್ ಎಷ್ಟು ದೂರ ಇಡ್ಬೇಕಣ್ಣ?"

"ಹತ್ತು ಹೆಜ್ಜೆಗೆ ಕಮ್ಮಿ ಬೇಡ ತಂಗಿ. ಇನ್ನೂ ದೂರ ಆದ್ರೆ ಒಳ್ಳೇದೇ. ಹೊಗೆ ನಿಮ್ಮ ಕಡೆಗಾಗ್ಲಿ, ಪಕ್ಕದೋರ ಕಡೆಗಾಗ್ಲಿ ಬೀಸ್ಬಾರ್ದು. ಮಳೆಗೆ ಎತ್ತರಕ್ಕೆ ಒಂದು ತಗಡು ಕಟ್ರಿ, ನಾಲ್ಕೂ ಬದಿ ಬಯಲಾಗಿರ್ಲಿ. ಕಳ್ಳರ ಭಯಕ್ಕೆ ಸರಪಳಿ ಹಾಕಿ ಮರಕ್ಕೆ ಬೀಗ ಜಡೀರಿ. ಬ್ಯಾಟರಿ ಚಾರ್ಜ್ ಆಗೋವಾಗ ಕಿಟಕಿ ತೆಗ್ದಿಡ್ರಿ, ಹತ್ರ ಬೀಡಿ ಹಚ್ಚಬೇಡ್ರಿ. ಅದ್ರಿಂದ ಬರೋ ಗ್ಯಾಸು ಕಿಡಿ ತಾಗಿದ್ರೆ ಸಿಡೀತೈತೆ."

ಒಂದು ತಿಂಗಳ ಮೇಲೆ ಗೌರಸಮುದ್ರದ ಹತ್ತಿರ ಅವರ ವ್ಯಾನಿನ ಪಕ್ಕದಲ್ಲೇ ಪಾತ್ರೆ ವ್ಯಾಪಾರದ ಮುದ್ದಪ್ಪನ ವ್ಯಾನು ನಿಂತಿತ್ತು. ಮುದ್ದಪ್ಪ ತನ್ನ ಜನರೇಟರನ್ನು ಬಾಗಿಲ ಬಳಿಯೇ ಇಟ್ಟು ಟಾರ್ಪಾಲು ಇಳಿಬಿಡುತ್ತಿದ್ದ. ಒಳಗೆ ಅವನ ಬಾಣಂತಿ ಹೆಂಡತಿ, ಹಸುಗೂಸು. ಜಯಕ್ಕ ಎದ್ದು ಹೋದಳು.

"ಮುದ್ದಪ್ಪಣ್ಣ, ಅದನ್ನ ದೂರ ಇಡು."

"ಕೂಸಿಗೆ ಗಾಳಿ ತಾಗ್ತೈತೆ ಕಣಕ್ಕ. ಬಿಡು, ನಾಲ್ಕು ವರ್ಷದಿಂದ ಹಿಂಗೇ ಓಡ್ಸಿದೀನಿ, ಏನೂ ಆಗಿಲ್ಲ."

"ನಾವೂ ಮೂರು ವರ್ಷ ಓಡ್ಸಿದ್ವಿ," ಎಂದಳು ಜಯಕ್ಕ. "ನಮ್ಮತ್ತೆ ಹೊರಗೆ ಬರ್ತೀನಿ ಅಂದ್ಲು. ಚಳಿ ಅಂತ ನಾನೇ ಒಳಗೆ ಮಲಗ್ಸಿ ಬಾಗಿಲು ಮುಚ್ಚಿದೆ. ಆಮೇಲೆ ಅವ್ಳು ಏಳಲೇ ಇಲ್ಲ."

ಮುದ್ದಪ್ಪನ ಕೈ ಟಾರ್ಪಾಲಿನ ಮೇಲೆಯೇ ನಿಂತಿತು. ಅಷ್ಟರಲ್ಲಿ ಯತ್ತಪ್ಪ ಬಂದು ಜನರೇಟರಿನ ಒಂದು ಬದಿ ಹಿಡಿದ. ಇನ್ನೊಂದು ಬದಿಯನ್ನು ಮುದ್ದಪ್ಪ ಹಿಡಿದ. ಇಬ್ಬರೂ ಅದನ್ನು ಹೊತ್ತು ಬಯಲಿಗೆ ನಡೆದರು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮದು ವ್ಯಾನಿನ ಮನೆಯಿರಲಿ, ಗುಡಾರವಿರಲಿ, ಸಂತೆಯ ಅಂಗಡಿಯಿರಲಿ, ಜನರೇಟರಿಗೆ ಒಳಗೆ ಜಾಗ ಕೊಡಬೇಡಿ. ಇವತ್ತೇ ಎದ್ದು ನೋಡಿ, ಅದರ ಹೊಗೆ ಎತ್ತ ಹೋಗುತ್ತಿದೆ. ಗಾಡಿಯ ಬ್ಯಾಟರಿ ಗಾಡಿಗೇ ಉಳಿಯಲಿ, ಆಪತ್ತಿನ ಹೊತ್ತಿನಲ್ಲಿ ಆಸ್ಪತ್ರೆಗೆ ಮುಟ್ಟಿಸುವುದು ಅದೇ. ಜನರೇಟರ್ ಓಡುವಾಗ ಮನೆಯಲ್ಲಿ ಯಾರಾದರೂ ತಲೆ ನೋಯುತ್ತದೆ ಎಂದರೆ ಹೊದಿಕೆ ಹುಡುಕುತ್ತಾ ಕೂರಬೇಡಿ. ಮೊದಲು ಬಾಗಿಲು ತೆಗೆದು ಅವರನ್ನು ಹೊರಗೆ ಕರೆತನ್ನಿ.