ಮೂರನೇ ಬೆಲ್ಲಿಗೆ

ಸಾಗರದಿಂದ ತಂದ ಮೋಡೆಮ್ ಅರ್ಧ ಮಾತ್ರ ಮೋಡೆಮ್ ಎಂಬುದು ಪ್ರತಿಮಾಳಿಗೆ ಗೊತ್ತಾದದ್ದು ಮಧ್ಯಾಹ್ನ ಎರಡು ಗಂಟೆಗೆ. ಸಿಡಿಲಿಗೆ ಸುಟ್ಟುಹೋದ ಹಳೆಯದು ಎಲ್ಲ ಕೆಲಸವನ್ನೂ ತಾನೇ ಮಾಡಿಕೊಳ್ಳುತ್ತಿತ್ತು. ಈ ಹೊಸ ಕಾರ್ಡಿಗೆ ಬಾಯಿ, ಕಿವಿ ಇದ್ದವು, ಬುದ್ಧಿ ಇರಲಿಲ್ಲ. ಅದನ್ನು ಕಂಪ್ಯೂಟರಿನೊಳಗೆ ಬೇರೆಯೇ ತುಂಬಬೇಕಿತ್ತು. ವಿಂಡೋಸ್ ಆಗಿದ್ದರೆ ಸೀಡಿ ಹಾಕಿದರೆ ಮುಗಿಯುತ್ತಿತ್ತು. ದೀಪಕ್ ಹಾಕಿಟ್ಟಿದ್ದದ್ದು ಲಿನಕ್ಸ್.

ದೀಪಕ್ ಅವಳ ಗಂಡ. ನಿಟ್ಟೂರಿನ ಮನೆಯ ಮುಂದಿನ ಕೋಣೆಯಲ್ಲಿ ಅರ್ಜಿ, ಮದುವೆ ಕಾಗದ ಟೈಪ್ ಮಾಡಿಕೊಡುತ್ತಿದ್ದ. ಆರು ತಿಂಗಳ ಹಿಂದೆ ಘಾಟಿಯಲ್ಲಿ ಬೈಕ್ ಜಾರಿ ತೀರಿಕೊಂಡ. ಅವನಿಗೆ ಬಂದ ಇ-ಮೇಲ್‌ಗಳೂ, ಅವನು ಬರೆದು ನಕಲು ಇಟ್ಟುಕೊಂಡವೂ ಒಂದು ಪುಕ್ಕಟೆ ಮೇಲ್ ಕಂಪನಿಯಲ್ಲಿದ್ದವು. ಆ ಕಂಪನಿ ಇವತ್ತು ಸಂಜೆ ಐದಕ್ಕೆ ಬಾಗಿಲು ಹಾಕುವುದಿತ್ತು. ಆಮೇಲೆ ಯಾರ ಕಾಗದವೂ ಉಳಿಯುವುದಿಲ್ಲ. ಸೈಬರ್ ಅಂಗಡಿಗೆ ಹೋಗಿಯೂ ಪ್ರಯೋಜನವಿರಲಿಲ್ಲ. ಪಾಸ್‌ವರ್ಡ್ ಗೊತ್ತಿದ್ದದ್ದು ಈ ಕಂಪ್ಯೂಟರಿಗೆ ಮಾತ್ರ.

ಅವಳಿಗೆ ನೆರವಾಗಲೆಂದು ಮನೆಯ ಹಳೆಯ ಪರಿಚಯದ ಮುಕುಂದಯ್ಯನವರು ತೀರ್ಥಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದವರು. ಕಂಪ್ಯೂಟರ್ ಅವರಿಗೂ ಹೊಸದೇ. ಸಾಗರದ ಅಂಗಡಿಯವನು ಕೊಟ್ಟ ಹಾಳೆಗಳನ್ನು ಅವರು ಓದುತ್ತಿದ್ದರು, ಪ್ರತಿಮಾ ಒತ್ತುತ್ತಿದ್ದಳು. ಅವಳು ಅಕ್ಷರ ತಪ್ಪಿಸಿದಾಗಲೆಲ್ಲ ಅವರು, "ನಾನೇ ತಪ್ಪು ಓದ್ದೆ ಮಾರಾಯ್ತಿ, ಇನ್ನೊಂದ್ಸಲ ಹೇಳ್ತೇನೆ ತಡಿ" ಎನ್ನುತ್ತಿದ್ದರು.

ಮೂರೂವರೆಗೆ ಕಾರ್ಡಿಗೆ ಜೀವ ಬಂತು. ಆದರೆ ಡಯಲ್ ಟೋನ್ ಇಲ್ಲ ಎಂದು ಹಟ ಹಿಡಿಯಿತು. ಮುಕುಂದಯ್ಯ ರಿಸೀವರ್ ಎತ್ತಿ ಕೇಳಿದರು. ಟೋನ್ ಚೆನ್ನಾಗಿಯೇ ಇತ್ತು.

"ಇದು ಅಮೆರಿಕದ ಟೋನಿಗೆ ಕಾಯ್ತಾ ಕೂತಿದೆ. ನಮ್ಮದು ಅದಕ್ಕೆ ತಿಳಿಯೂದಿಲ್ಲ. ಕಿವಿ ಕೊಡ್ಬೇಡ, ಸುಮ್ನೆ ಡಯಲ್ ಮಾಡು ಅಂತ ಹೇಳು ಅದಕ್ಕೆ."

ಹೇಳಿದ್ದಾಯಿತು. ಹಾಳೆಯಲ್ಲಿ ಇನ್ನೊಂದೇ ಸಾಲು ಉಳಿದಿತ್ತು. ಹೊರಗಿನಿಂದ ಫೋನ್ ಬಂದರೆ ಎಷ್ಟನೇ ಬೆಲ್ಲಿಗೆ ಎತ್ತಿಕೊಳ್ಳಬೇಕು, ಅಂಕಿ ಬರೆಯಿರಿ. ಸೊನ್ನೆ ಬರೆದರೆ ಎತ್ತುವುದೇ ಇಲ್ಲ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ.

"ಒಂದು ಅಂತ ಹಾಕು," ಎಂದರು ಮುಕುಂದಯ್ಯ.

ಗೋಡೆಗೊರಗಿ ಎಲೆ ಅಡಿಕೆ ಮೆಲ್ಲುತ್ತಿದ್ದ ದೀಪಕನ ತಾಯಿ ಕೆರಿಯಮ್ಮ ತಲೆ ಎತ್ತಿದಳು. "ಎಂತದಯ್ಯಾ ನೀವು ಹೇಳೂದು? ಒಂದೇ ಕೂಗಿಗೆ ಯಾರಾದ್ರೂ ಓಗೊಡ್ತಾರಾ? ಕಾಡಂಚಲ್ಲಿ ಇರೋರು ನಾವು. ಮನುಷ್ರಲ್ಲದ್ದು ಎರಡು ಸಲ ಕೂಗ್ತದೆ. ಮೂರನೇ ಸಲ ಕೂಗಿದ್ರೆ ಮಾತ್ರ ಮನುಷ್ರು. ಮೂರು ಹಾಕೇ ಪ್ರತಿಮಾ."

"ಎಕ್ಸ್‌ಚೇಂಜಲ್ಲಿ ನಿಮ್ಮನ್ನೇ ಕೂರಿಸ್ಬೇಕಿತ್ತು ಕೆರಿಯಮ್ಮ," ಎಂದು ಮುಕುಂದಯ್ಯ ನಕ್ಕರು. ಪ್ರತಿಮಾ ಮೂರು ಹಾಕಿದಳು.

ಅವಳು ಕೈ ತೆಗೆಯುವ ಮೊದಲೇ ಪರದೆಯ ಮೂಲೆಯಲ್ಲಿ 'ರಿಂಗ್' ಎಂದು ಮೂಡಿತು.

ಪಕ್ಕದ ಫೋನು ಸುಮ್ಮನಿತ್ತು. ಅದಕ್ಕೂ ಇದಕ್ಕೂ ಒಂದೇ ತಂತಿ. ಬೆಲ್ಲು ಬಂದರೆ ಎರಡಕ್ಕೂ ಬರಬೇಕು. ಮುಕುಂದಯ್ಯ ರಿಸೀವರ್ ಎತ್ತಿದರು, ಇಟ್ಟರು. ಇಟ್ಟ ಕೂಡಲೇ ಇನ್ನೊಂದು 'ರಿಂಗ್' ಮೂಡಿತು. ಫೋನು ಈಗಲೂ ಸದ್ದು ಮಾಡಲಿಲ್ಲ.

"ಎಷ್ಟಾಯ್ತು?" ಕೆರಿಯಮ್ಮ ಕೇಳಿದಳು.

"ಎರಡು."

ಮೂರನೆಯದು ಬರಲಿಲ್ಲ. ಕೆರಿಯಮ್ಮ ಬಾಯಲ್ಲಿದ್ದುದನ್ನು ಉಗಿದು ಬಂದು ಬಾಗಿಲ ಬಳಿ ಕೂತಳು. ಮುಕುಂದಯ್ಯ ಗಡಿಯಾರ ನೋಡಿ, "ಲೈನಲ್ಲಿ ಎಂತದೋ ತೊಂದ್ರೆ. ಹೊತ್ತಾಯ್ತು, ಡಯಲ್ ಮಾಡು," ಎಂದರು.

ಕೀರಲು ಸದ್ದಾಗಿ ಸಂಪರ್ಕ ಸಿಕ್ಕಿತು. ಒಟ್ಟು ನಲವತ್ತೊಂದು ಕಾಗದ. ಹಳೆಯದು ಮೊದಲು, ಒಂದೊಂದೇ ಇಳಿಯತೊಡಗಿದವು. ಹತ್ತು, ಹದಿನೆಂಟು, ಇಪ್ಪತ್ತಾರು. ಮೊದಲ ಸಲ ಅವಳು ತವರಿಗೆ ಹೋಗಿದ್ದಾಗ ಅವಳ ಅಣ್ಣನ ಆಫೀಸಿಗೆ ದೀಪಕ್ ಬರೆದದ್ದರ ಹೆಸರು ಕಂಡಿತು: 'ಪ್ರತಿಮಾಗೆ ಓದಿ ಹೇಳಿ'. ಅವಳು ಸೆರಗು ಬಾಯಿಗೊತ್ತಿಕೊಂಡಳು. ಮೂವತ್ತೇಳು ಆಯಿತು. ಗಡಿಯಾರದಲ್ಲಿ ಐದಕ್ಕೆ ಹನ್ನೆರಡು ನಿಮಿಷವಿತ್ತು. ಕೊನೆಗೆ ಉಳಿದ ನಾಲ್ಕು, ಅವನ ಕೊನೆಯ ದಿನಗಳವು.

ಪರದೆಯ ಮೂಲೆಯಲ್ಲಿ ಮೂರನೇ 'ರಿಂಗ್' ಮೂಡಿತು.

ಮುಕುಂದಯ್ಯನವರ ಮುಖದ ಬಣ್ಣ ಇಳಿಯಿತು. ಮಾತಿನಲ್ಲಿರುವ ಲೈನಿಗೆ ಇನ್ನೊಂದು ಬೆಲ್ಲು ಬರಲಾರದು. ಮೂವತ್ತೈದು ವರ್ಷದಲ್ಲಿ ಒಂದು ಸಲವೂ ಬಂದದ್ದಿಲ್ಲ. ಕಾರ್ಡು ಹೇಳಿಸಿಕೊಂಡಂತೆ ಎತ್ತಿಕೊಂಡಿತು. ಅದುವರೆಗೆ ಸುಮ್ಮನಿದ್ದ ಸ್ಪೀಕರಿನಲ್ಲಿ ಆಚೆ ಗುಡ್ಡದಿಂದ ಯಾರೋ ಕೂ ಹಾಕಿದಂಥ ದನಿ ಬಂತು. ಉದ್ದಕ್ಕೆ, ಸಣ್ಣಗೆ. ಕಾಗದ ಇಳಿಯುತ್ತಲೇ ಇತ್ತು.

"ಓ... ಬಂದೆ ಕಣಾ ಮಗಾ," ಎಂದಳು ಕೆರಿಯಮ್ಮ.

ಎದ್ದದ್ದು ಅವಳ ವಯಸ್ಸಿನವರು ಏಳುವ ಹಾಗಲ್ಲ. ಮೊಣಕಾಲಿಗೆ ಕೈ ಊರಲಿಲ್ಲ. ಚಪ್ಪಲಿ ಮೆಟ್ಟದೆ ಅಂಗಳಕ್ಕಿಳಿದು ಕಾಡಿನ ಕಡೆ ಬೇಲಿ ದಾಟುವ ತಡಬೆಯತ್ತ ನೇರ ನಡೆದಳು.

"ಅತ್ತೇ!"

ತಿರುಗಲಿಲ್ಲ. ಪ್ರತಿಮಾ ಒಮ್ಮೆ ಪರದೆ ನೋಡಿದಳು. ಮೂವತ್ತೆಂಟನೆಯದು ಅರ್ಧ ಇಳಿದಿತ್ತು. ತಂತಿ ಹಿಡಿದು ಎಳೆದಳು.

ದನಿ ಕತ್ತರಿಸಿದಂತೆ ನಿಂತಿತು. ಅಂಗಳದ ತುದಿಯಲ್ಲಿ ಕೆರಿಯಮ್ಮ ಯಾಕೆ ಬಂದೆನೆಂದು ಮರೆತವಳ ಹಾಗೆ ನಿಂತಿದ್ದಳು. ಪ್ರತಿಮಾ ಓಡಿ ಹೋಗಿ ಅವಳ ಕೈ ಹಿಡಿದಳು. ತಣ್ಣಗಿತ್ತು.

"ಯಾರೋ ಕರದಂಗಾಯ್ತಲ್ಲೇ?"

"ನಾನೇ ಅತ್ತೆ, ಕರದಿದ್ದು."

"ಮೂರು ಸಲ ಕರದ್ಯಾ?"

"ಹೌದು. ಮೂರು ಸಲನೂ ನಾನೇ."

ಮುಕುಂದಯ್ಯ ಒಂದು ಜೊತೆ ಚಪ್ಪಲಿ ಹಿಡಿದು ಹಿಂದೆಯೇ ಬಂದರು. ಬಗ್ಗಿ ಮುದುಕಿಯ ಪಾದದ ಮುಂದಿಟ್ಟರು. "ಒಂದ್ ಲೋಟ ಕಾಫಿ ಸಿಕ್ತದಾ ಕೆರಿಯಮ್ಮ? ಬಸ್ಸಿಗಿನ್ನೂ ಹೊತ್ತಿದೆ," ಎಂದರು. ಸಕ್ಕರೆ ಕಾಯಿಲೆಯೆಂದು ಕಾಫಿ ಬಿಟ್ಟು ಅವರಿಗೆ ಎಂಟು ವರ್ಷವಾಗಿತ್ತು. ಒಳಗೆ ಬಂದ ಮೇಲೆ ಅವರು ಕುರ್ಚಿ ಎಳೆದುಕೊಂಡು ಬಾಗಿಲಿಗೆ ಅಡ್ಡ ಕೂತರು.

ಐದಕ್ಕೆ ಇನ್ನೂ ಎಂಟು ನಿಮಿಷವಿತ್ತು. ತಂತಿ ಮತ್ತೆ ಸಿಕ್ಕಿಸಬಹುದಿತ್ತು. ಪ್ರತಿಮಾ ತಂತಿಯ ತುದಿಯನ್ನು ಫೋನಿನಿಂದ ದೂರ ಸುತ್ತಿಟ್ಟು, ಅತ್ತೆಯನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಒಲೆಯ ಪಕ್ಕ ಕೂರಿಸಿ, ನೀರಿಟ್ಟಳು.